ವಾಂತಿ, ಹಾಲು, ಬೂಷ್ಟು ಮೆತ್ತಿದ ಮಗುವಿನ ಕಾರ್ ಸೀಟು: ತೊಳೆಯುವುದೇ, ಬದಲಿಸುವುದೇ?

ಮಲ್ಲೇಶ್ವರದ ಅಮ್ಮ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಮೂವರು ಮೂರು ಮಾತು ಹೇಳುತ್ತಿರುವುದರಿಂದ ಇಲ್ಲಿ ಕೇಳುತ್ತಿದ್ದೇನೆ. ನಮ್ಮ ಮಗಳಿಗೆ ಎರಡೂವರೆ ವರ್ಷ. ಅವಳು ಬಳಸುತ್ತಿರುವ ಕಾರ್ ಸೀಟನ್ನು ನನ್ನ ನಾದಿನಿ ತಮ್ಮ ಮಗನಿಗೆಂದು 2019ರಲ್ಲಿ ಕೊಂಡಿದ್ದರು. ಅವನು ದೊಡ್ಡವನಾದ ಮೇಲೆ ಅದು ನಮ್ಮ ಮನೆಗೆ ಬಂದಿತು. ಕಳೆದ ವಾರ ಧರ್ಮಸ್ಥಳದಿಂದ ಹಿಂದಿರುಗುವಾಗ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಮಗಳು ಸೀಟಿನ ತುಂಬ ವಾಂತಿ ಮಾಡಿಕೊಂಡಳು. ಕೊಟ್ಟಿಗೆಹಾರದಲ್ಲಿ ನಿಲ್ಲಿಸಿ, ಕೈಗೆ ಸಿಕ್ಕ ಬಟ್ಟೆಯಲ್ಲಿ ಒರೆಸಿ, ಹಾಗೆಯೇ ಬೆಂಗಳೂರಿಗೆ ಬಂದೆವು.

ಮರುದಿನ ಕವರ್ ಬಿಚ್ಚಿದಾಗ ಕಂಡದ್ದು ಒಂದು ದಿನದ ಕೊಳೆಯಲ್ಲ. ಬಿಸ್ಕತ್ತಿನ ಪುಡಿ, ಒಣದ್ರಾಕ್ಷಿ, ರಾಗಿ ಸರಿಯ ಒಣಗಿದ ಚೂರುಗಳು ಎಲ್ಲವೂ ಒಳಗಿದ್ದವು. ಕಾಲುಗಳ ನಡುವಿನಿಂದ ಬರುವ ಪಟ್ಟಿಯ ಬುಡದಲ್ಲಿ ಕಪ್ಪು ಚುಕ್ಕಿಗಳಿವೆ, ಅಲ್ಲಿ ಪಟ್ಟಿ ಮುಟ್ಟಿದರೆ ಬಿರುಸಾಗಿದೆ. ಬಕಲ್ ಹಾಕಿದಾಗ ಬರಬೇಕಾದ ‘ಟಕ್’ ಶಬ್ದವೂ ಈಗ ಮಂದವಾಗಿದೆ. ಎಲ್ಲವನ್ನೂ ಸೋಪಿನ ಪುಡಿಯಲ್ಲಿ ರಾತ್ರಿಯಿಡೀ ನೆನೆಸಿ ಬಿಸಿಲಿಗೆ ಹಾಕು ಎಂದು ಅತ್ತೆಯವರು ಹೇಳುತ್ತಾರೆ. ಎಸೆದು ಹೊಸದು ತರೋಣ ಎಂಬುದು ಯಜಮಾನರ ಮಾತು. ನಮ್ಮ ಬೀದಿಯ ಕಾರ್ ತೊಳೆಯುವ ಅಂಗಡಿಯವರು ಸ್ಟೀಮ್ ಹಾಕಿ ಹೊಸದರಂತೆ ಮಾಡಿಕೊಡುವುದಾಗಿ ಹೇಳುತ್ತಿದ್ದಾರೆ. ಯಾವುದನ್ನು ನಂಬಬೇಕು?

ಎರಡು ಮಕ್ಕಳ ತಂದೆ

ಎಸೆಯುವ ಮಾತೇಕೆ? ಕವರ್ ಎಂದರೆ ಬಟ್ಟೆ, ಬಟ್ಟೆ ಇರುವುದೇ ತೊಳೆಯುವುದಕ್ಕೆ. ಮೊದಲು ಗಟ್ಟಿಯಾಗಿ ಅಂಟಿರುವುದನ್ನು ಹಳೆಯ ಎಟಿಎಂ ಕಾರ್ಡಿನಂಥದರಿಂದ ಕೆರೆದು ತೆಗೆಯಿರಿ, ಬಳಿಕ ತಣ್ಣೀರಿನಲ್ಲಿ ಜಾಲಿಸಿರಿ. ಬಿಸಿನೀರು ಹಾಕಲೇಬೇಡಿ, ಹಾಲಿನ ಪ್ರೋಟೀನು ಬಿಸಿಗೆ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಆ ಹುಳಿ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲ. ನಂತರ ಮೆದು ಸೋಪಿನ ದ್ರಾವಣ ಹಾಕಿ ಮೆಷಿನ್ನಿನ ಡೆಲಿಕೇಟ್ ಸುತ್ತಿನಲ್ಲಿ ತಿರುಗಿಸಿ, ನೆರಳಿನಲ್ಲಿ ಒಣಗಿಸಿರಿ. ಡ್ರೈಯರಿಗೆ ಹಾಕಿದರೆ ಕವರಿನ ಹಿಂದೆ ಅಂಟಿಸಿರುವ ತೆಳು ಸ್ಪಂಜು ಮುದುಡಿ, ಮತ್ತೆ ಸೀಟಿಗೆ ಸರಿಯಾಗಿ ಕೂರುವುದಿಲ್ಲ.

ಇನ್ನೊಂದು ಮಾತು. ಬಿಚ್ಚುವ ಮೊದಲು ಪ್ರತಿ ಕೊಕ್ಕೆ, ಪ್ರತಿ ಇಲಾಸ್ಟಿಕ್ ಎಲ್ಲಿ ಸಿಕ್ಕಿಸಿದೆ ಎಂಬುದನ್ನು ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿರಿ. ತಿರುಗಿ ಹಾಕುವಾಗ ಗಂಡ ಹೆಂಡತಿ ಜಗಳವಾಡದ ಮನೆಯನ್ನು ನಾನು ಕಂಡಿಲ್ಲ.

ನೂಲು ಮತ್ತು ಪ್ಲಾಸ್ಟಿಕ್

ಮೇಲಿನವರು ಕವರಿನ ಬಗ್ಗೆ ಹೇಳಿರುವುದೆಲ್ಲ ಸರಿ. ಆದರೆ ಮೇಡಂ ಕೇಳಿರುವ ಪ್ರಶ್ನೆ ಕವರಿನದ್ದಲ್ಲ, ಪಟ್ಟಿಯದ್ದು. ಕೈಗಾರಿಕಾ ನೂಲಿನ ಕ್ಷೇತ್ರದಲ್ಲಿ ಕೆಲಸ ಮಾಡುವವನಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಸೀಟಿನ ಕೊಳೆಯನ್ನು ನೋಡಿ ತೀರ್ಮಾನ ಮಾಡಬಾರದು. ಕೊಳೆ ಯಾವ ಭಾಗದಲ್ಲಿದೆ ಎಂಬುದನ್ನು ನೋಡಿ ಮಾಡಬೇಕು. ಕವರ್ ಎಷ್ಟು ಹಾಳಾದರೂ ಚಿಂತೆಯಿಲ್ಲ. ಅದರ ಕೆಳಗಿನ ಗಟ್ಟಿ ಪ್ಲಾಸ್ಟಿಕ್ ಚಿಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ತಲೆಯ ಅಕ್ಕಪಕ್ಕದಲ್ಲಿ ಥರ್ಮೋಕೋಲಿನಂತೆ ಕಾಣುವ ಬಿಳಿ ಅಥವಾ ಬೂದು ಬಣ್ಣದ ಭಾಗವಿರುತ್ತದೆ. ಅದು ಹೆಚ್ಚಾಗಿ ನಿಜಕ್ಕೂ ಥರ್ಮೋಕೋಲೇ, ಅಪಘಾತದಲ್ಲಿ ತಾನು ಜಜ್ಜಿ ಹೋಗಿ ಪೆಟ್ಟನ್ನು ಹೀರಿಕೊಳ್ಳುವುದು ಅದರ ಕೆಲಸ. ಅದಕ್ಕೆ ಥಿನ್ನರ್, ಪೆಟ್ರೋಲು, ಅಂಟು ತೆಗೆಯುವ ಸ್ಪ್ರೇ ತಾಗಿದರೆ ಕರಗಿ ಗುಳಿ ಬೀಳುತ್ತದೆ. ಬಿರುಕು ಬಿಟ್ಟಿದ್ದರೆ, ತುಂಡು ಹಾರಿದ್ದರೆ ಫೆವಿಕಾಲ್ ಹಚ್ಚಿ ಕೂಡಿಸುವ ಕೆಲಸ ಬೇಡ.

ಇನ್ನು ಪಟ್ಟಿ. ಇದು ಸಾಮಾನ್ಯವಾಗಿ ಪಾಲಿಯೆಸ್ಟರ್ ನೂಲಿನ ಬಿಗಿ ನೇಯ್ಗೆ. ಮಕ್ಕಳ ಕಾರ್ ಸೀಟುಗಳಿಗೆಂದು ಇರುವ ವಿಶ್ವಸಂಸ್ಥೆಯ ಸುರಕ್ಷತಾ ನಿಯಮವಾದ ಆರ್44ರ ಪರೀಕ್ಷೆಯಲ್ಲಿ ಗಂಟೆಗೆ 50 ಕಿ.ಮೀ. ವೇಗದ ಮುಂಭಾಗದ ಡಿಕ್ಕಿಯನ್ನು ಅನುಕರಿಸುತ್ತಾರೆ. ಅಂಥ ಡಿಕ್ಕಿಯಲ್ಲಿ ಮಗುವಿನ ಮೈ ತನ್ನ ತೂಕದ ಇಪ್ಪತ್ತರಿಂದ ಮೂವತ್ತು ಪಟ್ಟು ಬಲದಿಂದ ಪಟ್ಟಿಯನ್ನು ಎಳೆಯುತ್ತದೆಂದು ಇಟ್ಟುಕೊಂಡರೆ, 12 ಕಿಲೋ ಮಗುವಿಗೆ ಅದು 240ರಿಂದ 360 ಕಿಲೋ ಭಾರಕ್ಕೆ ಸಮ. ಸೋಪಿನ ಪುಡಿ ಕ್ಷಾರ, ಮತ್ತು ಕ್ಷಾರವು ಪಾಲಿಯೆಸ್ಟರನ್ನು ನಿಧಾನವಾಗಿ ತಿನ್ನುತ್ತದೆ. ನೂಲಿಗೆ ಕಾರ್ಖಾನೆಯಲ್ಲಿ ಹಚ್ಚಿರುವ ಲೇಪ ನೆನೆಸಿಟ್ಟರೆ ಕಳಚಿಹೋಗುತ್ತದೆ, ಮೆಷಿನ್ನಿನಲ್ಲಿ ತಿರುಚಿದರೆ ನೇಯ್ಗೆ ಸಡಿಲವಾಗುತ್ತದೆ. ಆದ್ದರಿಂದಲೇ ಹೆಚ್ಚುಕಡಿಮೆ ಎಲ್ಲ ತಯಾರಕರ ಕೈಪಿಡಿಗಳಲ್ಲಿಯೂ ಒಂದೇ ಮಾತಿದೆ: ಪಟ್ಟಿಯನ್ನು ನೆನೆಸಬೇಡಿ, ಮೆಷಿನ್ನಿಗೆ ಹಾಕಬೇಡಿ, ಬ್ಲೀಚ್ ಮುಟ್ಟಿಸಬೇಡಿ, ಇಸ್ತ್ರಿ ಮಾಡಬೇಡಿ, ಮೆದು ಸೋಪಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೇಲುಮೇಲೆ ಒರೆಸಿರಿ. ಬಾವಿಯ ಹಗ್ಗ ನೋಡಲು ಗಟ್ಟಿಯಾಗಿದ್ದು ಒಳಗೆ ಲಡ್ಡಾಗಿರುವಂತೆ, ಸೋತ ಪಟ್ಟಿಯೂ ಕಣ್ಣಿಗೆ ಚೊಕ್ಕಟವಾಗಿಯೇ ಕಾಣುತ್ತದೆ.

ಮೇಡಂ, ದಯವಿಟ್ಟು ಇಷ್ಟು ನೋಡಿ ಹೇಳಿರಿ. ಸೀಟಿನ ತಳದಲ್ಲಿ ಅಥವಾ ಬೆನ್ನಿನಲ್ಲಿ ತಯಾರಾದ ದಿನಾಂಕವಿರುವ ಚೀಟಿ ಇರುತ್ತದೆ, ಅದರಲ್ಲಿ ಏನಿದೆ? ನಾದಿನಿಯವರ ಕಾರು ಎಂದಾದರೂ ಡಿಕ್ಕಿಯಾಗಿತ್ತೇ? ಆ ಕಪ್ಪು ಚುಕ್ಕಿ ಒರೆಸಿದರೆ ಹೋಗುತ್ತದೆಯೇ, ಅಥವಾ ನೇಯ್ಗೆಯ ಒಳಗಿದೆಯೇ?

ಸಂಶಯಾತ್ಮ

ಇದೆಲ್ಲ ಕಂಪನಿಗಳು ಮಾಲು ಖರ್ಚು ಮಾಡುವುದಕ್ಕೆ ಹೂಡಿರುವ ಉಪಾಯ. ಪಟ್ಟಿ ತೊಳೆಯಬೇಡಿ ಎಂದರೆ ಕೊಳೆಯಾಗುತ್ತದೆ, ಕೊಳೆಯಾದರೆ ಹೊಸದು ಕೊಳ್ಳಿ ಎನ್ನುತ್ತಾರೆ. ಅಂಬಾಸಿಡರ್ ಕಾರಿನ ಹಿಂದಿನ ಸೀಟಿನಲ್ಲಿ ಆರು ಮಕ್ಕಳು ಒಬ್ಬರ ಮೇಲೊಬ್ಬರು ಕುಳಿತು ಹೊರನಾಡಿಗೆ ಹೋಗಿ ಬಂದವರು ನಾವು. ಯಾರಿಗೂ ಏನೂ ಆಗಲಿಲ್ಲ.

ರಾತ್ರಿಪಾಳಿ

ಏನೂ ಆಗದವರು ಮಾತ್ರ ಇಲ್ಲಿ ಬರೆಯುತ್ತಿದ್ದಾರೆ ಸರ್, ಆದವರು ಬರೆಯಲು ಇಲ್ಲ. ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿರುವ ನಾನು ಇಷ್ಟಕ್ಕೇ ನಿಲ್ಲಿಸುತ್ತೇನೆ.

ಹಾಸನದಿಂದ ಹತ್ತಿರ

ಅಂಬಾಸಿಡರಿನ ಕಾಲ ಮುಗಿದಿದೆ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 194ಬಿ ಕಲಮಿನ ಪ್ರಕಾರ, ಹದಿನಾಲ್ಕು ವರ್ಷ ತುಂಬದ ಮಗುವನ್ನು ಸೀಟ್ ಬೆಲ್ಟಿನಿಂದಾಗಲೀ ಮಕ್ಕಳ ಸೀಟಿನಿಂದಾಗಲೀ ಭದ್ರಪಡಿಸದೆ ಕಾರು ಓಡಿಸಿದರೆ ಸಾವಿರ ರೂಪಾಯಿ ದಂಡವಿದೆ. ಹಿಡಿಯುತ್ತಾರೋ ಇಲ್ಲವೋ ಎಂಬುದು ಬೇರೆ ಮಾತು. ವಿಷಯಕ್ಕೆ ಬರೋಣ.

ತೀರ್ಥಹಳ್ಳಿಯ ಅಜ್ಜಿ

ಮಗಳೇ, ಸೋಪಿನ ಪುಡಿ ಬೇಡವೆಂದರೆ ಅಂಟುವಾಳದ ಕಾಯಿ ಇದೆಯಲ್ಲ. ರೇಷ್ಮೆ ಸೀರೆಯನ್ನೇ ಅದರಲ್ಲಿ ಒಗೆಯುತ್ತೇವೆ. ಕಾಯಿಯನ್ನು ನೆನೆಸಿ, ಕಿವುಚಿ, ನೊರೆಯನ್ನು ಸೋಸಿಕೊಂಡು ಕವರನ್ನು ಅದರಲ್ಲಿ ಒಗೆದು ನೋಡು, ಹಾಲಿನ ವಾಸನೆ ಹೋಗುತ್ತದೆ. ಒಣಗಿದ ಮೇಲೆ ಸೀಟಿನ ಸಂದಿಯಲ್ಲಿ ಎರಡು ನುಸಿಗುಳಿಗೆ ಇಟ್ಟರೆ ಇರುವೆಯೂ ಬಾರದು, ಮುಗ್ಗಲು ವಾಸನೆಯೂ ಇರದು.

ರಾತ್ರಿಪಾಳಿ

ಅಜ್ಜಿ, ಅಂಟುವಾಳ ಕವರಿಗೆ ಚೆನ್ನಾಗಿಯೇ ಇದೆ. ನುಸಿಗುಳಿಗೆ ಮಾತ್ರ ದಯವಿಟ್ಟು ಬೇಡ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವ ಮಕ್ಕಳಿದ್ದಾರೆ. ಅಂಥ ಮಗು ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನಿನ ಆವಿಯನ್ನು ಉಸಿರಾಡಿದರೂ ಕೆಂಪು ರಕ್ತಕಣಗಳು ಒಡೆದು ಕಾಮಾಲೆ, ರಕ್ತಹೀನತೆ ಆಗಬಹುದು. ಆ ಕೊರತೆ ಇದೆಯೆಂದು ಎಷ್ಟೋ ಮನೆಗಳಲ್ಲಿ ಗೊತ್ತೇ ಇರುವುದಿಲ್ಲ. ಗಾಜು ಮುಚ್ಚಿದ ಕಾರಿನಲ್ಲಿ ಮಗುವಿನ ಮೂಗಿನ ಪಕ್ಕದಲ್ಲೇ ಅದನ್ನು ಇಡಬಾರದು. ಮಗು ಅದನ್ನು ಪೆಪ್ಪರಮಿಂಟ್ ಎಂದುಕೊಂಡು ಬಾಯಿಗೆ ಹಾಕಿಕೊಳ್ಳುವ ಭಯ ಇನ್ನೊಂದು.

ವಾಂತಿಯ ಬಗ್ಗೆಯೂ ಹೇಳಬೇಕು. ಘಾಟಿಯ ತಿರುವಿನ ವಾಂತಿಗೂ ಹೊಟ್ಟೆಯ ಸೋಂಕಿನ ವಾಂತಿಗೂ ವ್ಯತ್ಯಾಸವಿದೆ. ಎರಡನೆಯದಾದರೆ ಸ್ಯಾನಿಟೈಸರ್ ಸಿಂಪಡಿಸಿ ಕೈತೊಳೆದುಕೊಳ್ಳುವುದು ಸಾಲದು, ಏಕೆಂದರೆ ನೊರೋವೈರಸ್ಸಿನಂಥವು ಆಲ್ಕೋಹಾಲಿಗೆ ಸುಲಭವಾಗಿ ಸಾಯುವುದಿಲ್ಲ. ಕೈಗವಸು ಹಾಕಿಕೊಂಡು ಸೋಪು ನೀರಿನಿಂದ ಒರೆಸಿ ತೆಗೆಯುವುದೇ ಮುಖ್ಯ.

ನೂಲು ಮತ್ತು ಪ್ಲಾಸ್ಟಿಕ್

ನುಸಿಗುಳಿಗೆಗೆ ನನ್ನದೂ ಒಂದು ಆಕ್ಷೇಪಣೆ ಸೇರಿಸಿಕೊಳ್ಳಿರಿ. ನ್ಯಾಫ್ತಲೀನಿನ ಆವಿ ಥರ್ಮೋಕೋಲನ್ನು ಮೆತ್ತಗೆ ಮಾಡುತ್ತದೆ. ಬೀರುವಿನಲ್ಲಿ ಥರ್ಮೋಕೋಲ್ ಡಬ್ಬಿಯ ಜೊತೆ ಈ ಗುಳಿಗೆ ಇಟ್ಟವರು ಡಬ್ಬಿಗೆ ಗುಳಿ ಬಿದ್ದಿರುವುದನ್ನು ಕಂಡಿರುತ್ತಾರೆ.

ಕಡಲತಡಿ

ಬೆಂಗಳೂರಿನವರು ಬೂಷ್ಟಿನ ಬಗ್ಗೆ ಮಾತನಾಡುವುದನ್ನು ಕೇಳಿದರೆ ಮಂಗಳೂರಿನವರಾದ ನಮಗೆ ನಗು ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚರ್ಮದ ಚಪ್ಪಲಿ, ಮರದ ಬಾಗಿಲು, ಪುಸ್ತಕದ ರಟ್ಟು ಎಲ್ಲದಕ್ಕೂ ಬೂಷ್ಟು ಹಿಡಿಯುತ್ತದೆ. ಕಾರ್ ಸೀಟು ಹೇಗೆ ತಪ್ಪೀತು? ನಾನು ಕಂಡುಕೊಂಡಿರುವುದನ್ನು ಹೇಳುತ್ತೇನೆ. ಬೂಷ್ಟಿಗೆ ನೀರಿನ ಜೊತೆಗೆ ಆಹಾರವೂ ಬೇಕು. ಬರೀ ಮಳೆನೀರು ಬಿದ್ದ ಸೀಟು ಫ್ಯಾನಿನ ಕೆಳಗೆ ಒಣಗಿದರೆ ಸರಿಹೋಗುತ್ತದೆ, ಆದರೆ ಹಾಲು, ಬಾಳೆಹಣ್ಣು ಬಿದ್ದು ಒದ್ದೆಯಾಗಿ ಉಳಿದ ಜಾಗದಲ್ಲಿ ಎರಡು ಮೂರು ದಿನಕ್ಕೇ ಚುಕ್ಕಿ ಏಳುತ್ತದೆ.

ಕವರಿನ ಮೇಲಿನ ಬೂಷ್ಟು ಒಗೆದರೆ ಹೋಗುತ್ತದೆ. ಚಿಪ್ಪಿನ ಮೇಲಿನದು ಒರೆಸಿದರೆ ಹೋಗುತ್ತದೆ. ಪಟ್ಟಿಯೊಳಗೆ ಇಳಿದದ್ದು ಹೋಗುವುದಿಲ್ಲ, ಏಕೆಂದರೆ ಅದನ್ನು ಕೊಲ್ಲಬಲ್ಲ ಬ್ಲೀಚನ್ನು ಪಟ್ಟಿಗೆ ಹಾಕುವಂತಿಲ್ಲ. ನಮ್ಮ ಸೀಟಿಗೆ ಹಾಗಾದಾಗ ಕಂಪನಿಯವರಿಗೆ ಬರೆದೆವು. ಅದೇ ಮಾದರಿಯ ಪಟ್ಟಿ ಮತ್ತು ಬಕಲ್ ಬಿಡಿಯಾಗಿ ಕಳುಹಿಸಿಕೊಟ್ಟರು. ಇಡೀ ಸೀಟು ಬದಲಿಸುವ ಮೊದಲು ಆ ದಾರಿಯನ್ನು ನೋಡಿರಿ. ಆದರೆ ಆನ್‌ಲೈನಿನಲ್ಲಿ ‘ಎಲ್ಲ ಸೀಟಿಗೂ ಹೊಂದುವ’ ಪಟ್ಟಿ, ಕವರ್ ಎಂದು ಮಾರುವವನ್ನು ಕೊಳ್ಳಬೇಡಿ. ಕವರ್ ತುಸು ದಪ್ಪವಾದರೂ ಪಟ್ಟಿಯ ಬಿಗಿ ಬದಲಾಗುತ್ತದೆ.

ಫೋಮ್ ಗನ್

ಕಾರ್ ಒಳಗಡೆ ಸ್ವಚ್ಛಗೊಳಿಸುವ ಅಂಗಡಿ ನಡೆಸುತ್ತೇನೆ, ನಮ್ಮವರ ಹೊಟ್ಟೆಯ ಮೇಲೆ ಹೊಡೆಯುವ ಮಾತಾದರೂ ಹೇಳುತ್ತೇನೆ. ನಮ್ಮಲ್ಲಿ ಸೀಟಿಗೆ ಬಳಸುವ ದ್ರಾವಣಗಳಲ್ಲಿ ಹಲವು ಕ್ಷಾರದವು. ಕಾರಿನ ಸೀಟಿನ ಬಟ್ಟೆಗೆಂದೇ ಮಾಡಿದವು, ಮಗುವಿನ ಸೀಟಿನ ಪಟ್ಟಿಗೆಂದಲ್ಲ. ಕೆಲಸದ ಹುಡುಗರಿಗೆ ಆ ವ್ಯತ್ಯಾಸ ಯಾರೂ ಹೇಳಿಕೊಟ್ಟಿರುವುದಿಲ್ಲ. ಸ್ಟೀಮ್ ಗನ್ನನ್ನು ಥರ್ಮೋಕೋಲಿನ ಹತ್ತಿರ ಹಿಡಿದರೆ ಅದರ ಆಕಾರ ಕೆಡುತ್ತದೆ. ಗಿರಾಕಿಗಳು ಮಗುವಿನ ಸೀಟನ್ನು ತಂದರೆ ನಾನು ಕವರನ್ನು ಮಾತ್ರ ತೆಗೆದುಕೊಳ್ಳುತ್ತೇನೆ, ಉಳಿದದ್ದನ್ನು ವ್ಯಾಕ್ಯೂಮ್ ಹೊಡೆದು ವಾಪಸು ಕೊಡುತ್ತೇನೆ. ಯಾರಾದರೂ ಇಡೀ ಸೀಟಿಗೆ ಫೋಮ್ ಹೊಡೆಯುತ್ತೇವೆಂದರೆ ಒಪ್ಪಬೇಡಿ.

ಎರಡು ಮಕ್ಕಳ ತಂದೆ

ವಿನಿಗರ್ ಒಳ್ಳೆಯದಲ್ಲವೇ? ಅರ್ಧ ನೀರು ಅರ್ಧ ವಿನಿಗರ್ ಸಿಂಪಡಿಸಿ ಪಟ್ಟಿಯನ್ನು ಉಜ್ಜುವುದನ್ನು ವಿಡಿಯೋಗಳಲ್ಲಿ ತೋರಿಸುತ್ತಾರಲ್ಲ.

ನೂಲು ಮತ್ತು ಪ್ಲಾಸ್ಟಿಕ್

ಕವರಿಗೆ ಹಾಕಿಕೊಳ್ಳಿರಿ, ವಾಸನೆ ಕಡಿಮೆಯಾಗುತ್ತದೆ. ಪಟ್ಟಿಯ ವಿಷಯದಲ್ಲಿ ಹೇಳುವುದಾದರೆ, ಪಾಲಿಯೆಸ್ಟರ್ ಮೆದು ಆಮ್ಲವನ್ನು ತಡೆದುಕೊಳ್ಳುತ್ತದೆ, ನೈಲಾನ್ ಅಷ್ಟು ತಡೆದುಕೊಳ್ಳುವುದಿಲ್ಲ. ಕ್ಷಾರಕ್ಕೆ ಪಾಲಿಯೆಸ್ಟರ್ ಸೋಲುತ್ತದೆ, ನೈಲಾನ್ ಅಷ್ಟು ಸೋಲುವುದಿಲ್ಲ. ನಿಮ್ಮ ಸೀಟಿನ ಪಟ್ಟಿ ಯಾವ ನೂಲಿನದೆಂದು ಮುಟ್ಟಿ ನೋಡಿ ಹೇಳಲಾಗುವುದಿಲ್ಲವಾದ್ದರಿಂದ ಎರಡೂ ಬೇಡ. ವಿಡಿಯೋದವರು ತೊಳೆದ ಮೇಲಿನ ಬಣ್ಣವನ್ನು ತೋರಿಸುತ್ತಾರೆ. ತೊಳೆದ ಮೇಲಿನ ಬಲವನ್ನು ಅಳೆದು ತೋರಿಸಿದವರನ್ನು ನಾನಂತೂ ನೋಡಿಲ್ಲ.

ಮಲ್ಲೇಶ್ವರದ ಅಮ್ಮ

ಇಷ್ಟು ಬೇಗ ಇಷ್ಟೊಂದು ಉತ್ತರಗಳು ಬರುತ್ತವೆಂದು ಎಣಿಸಿರಲಿಲ್ಲ, ಎಲ್ಲರಿಗೂ ವಂದನೆಗಳು. ಕೇಳಿದ ಪ್ರಶ್ನೆಗಳಿಗೆ ಉತ್ತರ ಹೀಗಿದೆ. ಸೀಟನ್ನು ಬೋರಲು ಹಾಕಿ ನೋಡಿದಾಗ ಚೀಟಿ ಸಿಕ್ಕಿತು: ತಯಾರಾದದ್ದು 2018ರ ನವೆಂಬರ್. ಕೈಪಿಡಿಯಲ್ಲಿ ತಯಾರಾದ ದಿನದಿಂದ ಏಳು ವರ್ಷ ಬಳಸಬಹುದೆಂದಿದೆ, ಎಂದರೆ ಈ ವರ್ಷ 2025ರ ನವೆಂಬರಿಗೆ ಮುಗಿಯುತ್ತದೆ. ನಾವು ಲೆಕ್ಕ ಹಾಕಿದ್ದು ಕೊಂಡ ದಿನದಿಂದ. ನಾದಿನಿಯವರನ್ನು ಕೇಳಿದೆ; ಸಿಲ್ಕ್ ಬೋರ್ಡಿನ ಬಳಿ ಹಿಂದಿನಿಂದ ಟೆಂಪೋ ಒಂದು ಗುದ್ದಿತ್ತಂತೆ, ಬಂಪರ್ ಬದಲಿಸಬೇಕಾಯಿತಂತೆ, ಆಗ ಸೀಟಿನಲ್ಲಿ ಮಗು ಇರಲಿಲ್ಲವಂತೆ. ಚುಕ್ಕಿಗಳು ಒರೆಸಿದರೆ ಬಟ್ಟೆಗೆ ಹತ್ತುತ್ತವೆ, ಆದರೆ ಒಣಗಿದ ಮೇಲೆ ಮತ್ತೆ ಅಲ್ಲಿಯೇ ಕಾಣುತ್ತವೆ.

ಬಕಲಿನ ವಿಷಯದಲ್ಲಿ ಮಾತ್ರ ಸಂತೋಷದ ಸುದ್ದಿಯಿದೆ. ಚಿಪ್ಪಿನ ತಳದ ಸೀಳಿನಲ್ಲಿ ಲೋಹದ ಪಟ್ಟೆಯನ್ನು ಓರೆಯಾಗಿ ತಿರುಗಿಸಿ ಬಕಲನ್ನು ಹೊರತೆಗೆದೆ. ಕೈಪಿಡಿಯಲ್ಲಿದ್ದಂತೆ ಉಗುರುಬೆಚ್ಚಗಿನ ನೀರಿನ ಲೋಟದಲ್ಲಿ ಬಕಲಿನ ಭಾಗವನ್ನು ಮಾತ್ರ, ಪಟ್ಟಿ ಮುಳುಗದಂತೆ, ಆಡಿಸಿ ಕೆಂಪು ಗುಂಡಿಯನ್ನು ಒತ್ತಿ ಒತ್ತಿ ಬಿಟ್ಟೆ. ಒಳಗಿನಿಂದ ಬಿಸ್ಕತ್ತಿನ ಹಿಟ್ಟು, ಎರಡು ಸಾಸಿವೆಕಾಳು, ಕರಿಬೇವಿನ ಒಂದು ಕಡ್ಡಿ ಹೊರಬಂದವು. ಕೊಡವಿ, ಒಣಗಿಸಿ ಹಾಕಿದರೆ ‘ಟಕ್’ ಎಂಬ ಶಬ್ದ ಗಟ್ಟಿಯಾಗಿ ಬರುತ್ತಿದೆ.

ಸಂಶಯಾತ್ಮ

ನೋಡಿದಿರಾ, ತೊಳೆದರೆ ಸರಿಹೋಯಿತು. ಏಳು ವರ್ಷಕ್ಕೆ ಸೀಟು ಹಾಳಾಗುತ್ತದೆಂದು ಯಾವ ದೇಶದ ಕಾನೂನು ಹೇಳುತ್ತದೆ? ಪ್ಲಾಸ್ಟಿಕ್ಕು ನೂರಾರು ವರ್ಷ ಕೊಳೆಯುವುದಿಲ್ಲ ಎಂದು ಒಂದು ಕಡೆ ಹೇಳುತ್ತಾರೆ, ಸೀಟಿಗೆ ಬಂದರೆ ಮಾತ್ರ ಅದೇ ಪ್ಲಾಸ್ಟಿಕ್ಕು ಹಾಲಿನ ಪ್ಯಾಕೆಟ್ಟಿನಂತೆ ದಿನಾಂಕ ಹೊತ್ತು ಬರುತ್ತದೆ.

ದೂರದೇಶಿ

ಅರ್ಧ ನೀವು ಹೇಳುವುದು ನಿಜ. ನಾನಿರುವ ಅಮೆರಿಕದಲ್ಲಿಯೂ ಸೀಟಿನ ಅವಧಿಯನ್ನು ನಿಗದಿಪಡಿಸುವುದು ತಯಾರಕರೇ ಹೊರತು ಕೇಂದ್ರ ಸರ್ಕಾರದ ಸುರಕ್ಷತಾ ನಿಯಮವಲ್ಲ. ಸಾಮಾನ್ಯವಾಗಿ ಆರರಿಂದ ಹತ್ತು ವರ್ಷ ಎಂದಿರುತ್ತದೆ. ಆದರೆ ಡಿಕ್ಕಿಯ ವಿಷಯದಲ್ಲಿ ಇಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆಯಾದ ಎನ್‌ಎಚ್‌ಟಿಎಸ್‌ಎ ಸ್ಪಷ್ಟ ಸೂತ್ರವನ್ನು ಕೊಟ್ಟಿದೆ. ಡಿಕ್ಕಿಯ ನಂತರ ಕಾರನ್ನು ಓಡಿಸಿಕೊಂಡೇ ಹೋಗುವಂತಿದ್ದು, ಸೀಟಿನ ಪಕ್ಕದ ಬಾಗಿಲಿಗೆ ಪೆಟ್ಟಾಗದೆ, ಕಾರಿನಲ್ಲಿದ್ದವರಿಗೆ ಯಾರಿಗೂ ಗಾಯವಾಗದೆ, ಏರ್‌ಬ್ಯಾಗ್ ಇದ್ದರೆ ಅದು ತೆರೆಯದೆ, ಸೀಟಿನಲ್ಲಿ ಕಣ್ಣಿಗೆ ಕಾಣುವ ಹಾನಿ ಇಲ್ಲದಿದ್ದರೆ ಅದು ಸಣ್ಣ ಡಿಕ್ಕಿ, ಸೀಟು ಬದಲಿಸಲೇಬೇಕೆಂದಿಲ್ಲ. ಈ ಐದರಲ್ಲಿ ಒಂದು ತಪ್ಪಿದರೂ ಬದಲಿಸಬೇಕು. ಆದರೆ ಕೆಲವು ತಯಾರಕರು ಎಂಥ ಡಿಕ್ಕಿಯಾದರೂ ಬದಲಿಸಿ ಎನ್ನುತ್ತಾರೆ, ಆಗ ಅವರ ಮಾತೇ ನಡೆಯಬೇಕು. ಮಗು ಕುಳಿತಿರಲಿಲ್ಲ ಎಂಬುದು ಈ ಸೂತ್ರದಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಮಲ್ಲೇಶ್ವರದ ಅಮ್ಮನವರೇ, ಟೆಂಪೋ ಗುದ್ದಿದ ದಿನ ಕಾರು ತನ್ನಷ್ಟಕ್ಕೆ ಮನೆಗೆ ಬಂದಿತೇ, ಅಥವಾ ಎಳೆದು ತಂದರೇ?

ನೂಲು ಮತ್ತು ಪ್ಲಾಸ್ಟಿಕ್

ಸಂಶಯಾತ್ಮರಿಗೆ: ಪ್ಲಾಸ್ಟಿಕ್ ಕೊಳೆಯುವುದಿಲ್ಲ ಎಂಬುದಕ್ಕೂ ಪ್ಲಾಸ್ಟಿಕ್ ಬಲ ಕಳೆದುಕೊಳ್ಳುವುದಿಲ್ಲ ಎಂಬುದಕ್ಕೂ ಸಂಬಂಧವಿಲ್ಲ. ಬಿಸಿಲಿಗಿಟ್ಟ ಬಕೆಟ್ಟಿನ ಕಿವಿ ಮುರಿಯುತ್ತದೆ, ಬಕೆಟ್ಟು ಕೊಳೆತಿರುವುದಿಲ್ಲ. ಹೊರಗೆ 35 ಡಿಗ್ರಿ ಇರುವಾಗ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಒಳಗೆ ಒಂದು ಗಂಟೆಯಲ್ಲಿ 50 ಡಿಗ್ರಿ ದಾಟುತ್ತದೆ, ರಾತ್ರಿ ಮತ್ತೆ ತಣ್ಣಗಾಗುತ್ತದೆ. ಹೀಗೆ ವರ್ಷಾನುಗಟ್ಟಲೆ ಹಿಗ್ಗಿ ಕುಗ್ಗಿದ ಚಿಪ್ಪು, ಕಿಟಕಿಯಿಂದ ಬಿದ್ದ ಬಿಸಿಲು ತಿಂದ ಪಟ್ಟಿ, ಇವೆರಡೂ ಮೊದಲಿನಂತಿರುವುದಿಲ್ಲ. ಏಳನೆಯ ವರ್ಷದ ಕೊನೆಯ ರಾತ್ರಿ ಸೀಟು ತಟಕ್ಕನೆ ಸಾಯುತ್ತದೆಂದು ಯಾರೂ ಹೇಳುತ್ತಿಲ್ಲ. ಅಲ್ಲಿಯವರೆಗೆ ಮಾತ್ರ ತಾನು ಹೊಣೆ ಎಂದು ತಯಾರಕ ಹೇಳುತ್ತಿದ್ದಾನೆ.

ಬೇಸ್‌ಮೆಂಟ್ ಬಿ2

ಯಾರೂ ಇಲಿಯ ಹೆಸರೆತ್ತಲಿಲ್ಲವಲ್ಲ! ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸುವವರು ಇದನ್ನು ಓದಿರಿ. ನಮ್ಮ ಪಕ್ಕದ ಮನೆಯವರ ಕಾರಿನೊಳಗೆ ಇಲಿ ನುಗ್ಗಿ, ವಯರುಗಳನ್ನು ಬಿಟ್ಟು ಮಗುವಿನ ಸೀಟಿಗೇ ಹೋಗಿತ್ತು, ಏಕೆಂದರೆ ಚಕ್ಕುಲಿಯ ಚೂರುಗಳು ಇದ್ದದ್ದು ಅಲ್ಲಿ. ಕವರಿನಲ್ಲಿ ಸಣ್ಣ ತೂತು ಕಂಡಿತಷ್ಟೇ. ಕವರ್ ಎತ್ತಿದರೆ ಭುಜದ ಪಟ್ಟಿಯ ಅಂಚನ್ನು ಹಿಂಬದಿಯಲ್ಲಿ, ಎರಡು ಪಟ್ಟಿ ಕೂಡುವ ಲೋಹದ ತುಂಡಿನ ಬಳಿ, ಬೆರಳಗಲ ಕಡಿದಿತ್ತು. ಮುಂದಿನಿಂದ ನೋಡಿದರೆ ಏನೂ ಕಾಣುತ್ತಿರಲಿಲ್ಲ. ಅದಕ್ಕೆ ದರ್ಜಿಯ ಹತ್ತಿರ ಹೊಲಿಗೆ ಹಾಕಿಸೋಣವೆಂದು ಅವರು ಯೋಚಿಸುತ್ತಿದ್ದರು. ಪಟ್ಟಿಗೆ ದರ್ಜಿಯ ಹೊಲಿಗೆ ನಿಲ್ಲುವುದಿಲ್ಲ, ಇಂಥದ್ದಕ್ಕೆ ತೊಳೆಯುವ ಪ್ರಶ್ನೆಯೇ ಇಲ್ಲ.

ಹಾಸನದಿಂದ ಹತ್ತಿರ

ಹೊಸದು ಕೊಳ್ಳುವುದಾದರೆ ಸೀಟಿನ ಮೇಲಿನ ಕಿತ್ತಳೆ ಬಣ್ಣದ ಚೀಟಿಯಲ್ಲಿ ಆರ್44/04 ಅಥವಾ ಅದರ ನಂತರ ಬಂದ ಆರ್129 ಎಂದಿದೆಯೇ ನೋಡಿಕೊಳ್ಳಿರಿ. ನಮ್ಮ ದೇಶದ ಮಾನದಂಡ ಎಐಎಸ್-072. ಯುರೋಪಿನ ಒಕ್ಕೂಟದಲ್ಲಿ 2024ರ ಸೆಪ್ಟೆಂಬರಿನಿಂದ ಆರ್44ರ ಸೀಟುಗಳ ಮಾರಾಟವನ್ನೇ ನಿಲ್ಲಿಸಿದ್ದಾರೆ, ಇರುವವನ್ನು ಬಳಸಬಹುದು. ಚೀಟಿಯೇ ಇಲ್ಲದ, ಬೈಕಿನ ಸೀಟಿನ ಕವರಿಗೆ ಬೆಲ್ಟು ಹೊಲಿದಂತಿರುವ ಸಾಮಾನನ್ನು ‘ಬೇಬಿ ಕಾರ್ ಸೀಟ್’ ಎಂದು ಮಾರುತ್ತಾರೆ. ಅದಕ್ಕಿಂತ ನಿಮ್ಮ ವಾಂತಿಯ ಸೀಟೇ ಮೇಲು.

ಮಲ್ಲೇಶ್ವರದ ಅಮ್ಮ

ದೂರದೇಶಿಯವರಿಗೆ ಉತ್ತರ: ಕಾರನ್ನು ಓಡಿಸಿಕೊಂಡೇ ಬಂದರಂತೆ, ಯಾರಿಗೂ ಗಾಯವಾಗಿರಲಿಲ್ಲವಂತೆ. ಅದೊಂದೇ ಆಗಿದ್ದರೆ ಸೀಟನ್ನು ಉಳಿಸಿಕೊಳ್ಳುತ್ತಿದ್ದೆ. ಕಂಪನಿಗೂ ಬರೆದೆ. ಕಾಲುಗಳ ನಡುವಿನ ಪಟ್ಟಿಯನ್ನು ಬಿಡಿಯಾಗಿ ಕೊಡುತ್ತೇವೆ, ಆದರೆ ಈ ಮಾದರಿ ನಿಂತುಹೋಗಿರುವುದರಿಂದ ಬರಲು ತಡವಾಗುತ್ತದೆ ಎಂದರು. ಬರುವ ಹೊತ್ತಿಗೆ ನವೆಂಬರ್ ಹತ್ತಿರವಾಗಿರುತ್ತದೆ. ಹಾಗಾಗಿ ಹೊಸ ಸೀಟನ್ನೇ ಕೊಳ್ಳಲು ನಿರ್ಧರಿಸಿದೆವು. ಕವರನ್ನು ಮಾತ್ರ ಅಜ್ಜಿಯವರು ಹೇಳಿದಂತೆ ಅಂಟುವಾಳದಲ್ಲಿ ಒಗೆದೆ. ಬಟ್ಟೆ ಮೊದಲ ದಿನದಂತಾಗಿದೆ, ಅತ್ತೆಯವರಿಗೆ ಅದನ್ನು ಕಂಡು ಇನ್ನೂ ಹೊಟ್ಟೆಯುರಿಯುತ್ತಿದೆ. ಈಗ ಬೇರೊಂದು ಪ್ರಶ್ನೆ. ಹಳೆಯದನ್ನು ಏನು ಮಾಡಲಿ? ನಮ್ಮ ಕಾವಲುಗಾರರು ತಮ್ಮ ಮೊಮ್ಮಗನಿಗೆ ಕೇಳುತ್ತಿದ್ದಾರೆ.

ಸಂಶಯಾತ್ಮ

ಕೊಟ್ಟುಬಿಡಿ. ಇಲ್ಲದಿರುವುದಕ್ಕಿಂತ ಹಳೆಯದಾದರೂ ಇರುವುದು ಮೇಲು. ಈ ಒಂದು ಮಾತನ್ನಾದರೂ ಒಪ್ಪಿರಿ.

ರಾತ್ರಿಪಾಳಿ

ನಿಮ್ಮ ಮಗುವಿಗೆ ಬೇಡವೆಂದು ತೀರ್ಮಾನಿಸಿದ್ದನ್ನು ಇನ್ನೊಬ್ಬರ ಮಗುವಿಗೆ ಕೊಡುವುದು ನನಗೆ ಒಪ್ಪಿಗೆಯಾಗದು.

ನೂಲು ಮತ್ತು ಪ್ಲಾಸ್ಟಿಕ್

ಸಂಶಯಾತ್ಮರ ಮಾತಿನಲ್ಲಿ ತಿರುಳಿಲ್ಲವೆಂದು ನಾನು ಹೇಳುವುದಿಲ್ಲ. ಅವಧಿ ಮುಗಿಯಲು ಇನ್ನೂ ತಿಂಗಳುಗಳಿರುವ, ಡಿಕ್ಕಿಯಾಗದ, ಪಟ್ಟಿ ಚೆನ್ನಾಗಿರುವ ಸೀಟಾಗಿದ್ದರೆ ಎಲ್ಲವನ್ನೂ ತಿಳಿಸಿ ಕೊಡಬಹುದಿತ್ತು. ಇಲ್ಲಿ ಬೂಷ್ಟು ಹಿಡಿದಿರುವುದು ಮಗುವನ್ನು ಹಿಡಿದಿಡುವ ಪಟ್ಟಿಗೇ. ಅದರ ಜೊತೆಗೆ, ಆ ಮೊಮ್ಮಗ ಓಡಾಡುವುದು ಕಾರಿನಲ್ಲೋ ಆಟೋದಲ್ಲೋ ಎಂಬುದನ್ನು ಕೇಳಿದ್ದೀರಾ? ಈ ಸೀಟನ್ನು ಕಾರಿನ ಬೆಲ್ಟಿನಿಂದ ಕಟ್ಟಬೇಕು. ಆಟೋದಲ್ಲಿ ಕಟ್ಟುವುದಕ್ಕೆ ಜಾಗವೇ ಇಲ್ಲ.

ಮಲ್ಲೇಶ್ವರದ ಅಮ್ಮ

ಕೇಳಿದೆ. ಅವರ ಮನೆಯಲ್ಲಿ ಕಾರಿಲ್ಲ, ಮಗುವನ್ನು ಕೂರಿಸಿ ಊಟ ಮಾಡಿಸಲು ಬೇಕಂತೆ. ಹಾಗಾದರೆ ಅದಕ್ಕೆಂದೇ ಇರುವ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಕೊಡಿಸುವುದಾಗಿ ಯಜಮಾನರು ಹೇಳಿದ್ದಾರೆ.

ಬೇಸ್‌ಮೆಂಟ್ ಬಿ2

ಗುಜರಿಯವನಿಗೆ ಇಡಿಯಾಗಿ ಹಾಕಬೇಡಿ. ಒರೆಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ‘ಸ್ವಲ್ಪವೇ ಬಳಸಿದ್ದು’ ಎಂದು ಮತ್ತೆ ಮಾರುವವರಿದ್ದಾರೆ. ಎಲ್ಲ ಪಟ್ಟಿಗಳನ್ನೂ ಕತ್ತರಿಯಿಂದ ತುಂಡರಿಸಿ, ಬಕಲನ್ನು ಬೇರೆ ಮಾಡಿ, ಚಿಪ್ಪಿನ ಮೇಲೆ ದಪ್ಪ ಮಾರ್ಕರಿನಿಂದ ‘ಅವಧಿ ಮುಗಿದಿದೆ, ಬಳಸಬೇಡಿ’ ಎಂದು ಬರೆದು ಕೊಡಿರಿ. ಚಿಪ್ಪು ಮತ್ತು ಲೋಹ ತೂಕಕ್ಕೆ ಹೋಗುತ್ತವೆ, ಥರ್ಮೋಕೋಲನ್ನು ಒಣಕಸದವರಿಗೆ ಕೊಡಬಹುದು.

ಎರಡು ಮಕ್ಕಳ ತಂದೆ

ಹೊಸ ಸೀಟಿಗೆ ಮೊದಲೇ ಒಂದು ಟವೆಲ್ ಹಾಸಿಬಿಟ್ಟರೆ ಈ ಪಾಡೇ ಇರುವುದಿಲ್ಲ.

ದೂರದೇಶಿ

ಮಗುವಿನ ಕೆಳಗೆ, ಪಟ್ಟಿಯ ಒಳಗೆ ದಪ್ಪ ಟವೆಲ್ ಬೇಡ. ಡಿಕ್ಕಿಯಲ್ಲಿ ಅದು ಅದುಮಿಕೊಂಡರೆ ಪಟ್ಟಿ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ. ಪಟ್ಟಿ ಬಿಗಿದ ಮೇಲೆ ಎದೆಯಿಂದ ಮೊಣಕಾಲಿನವರೆಗೆ ಮೇಲೆ ಹೊದಿಸಿದರೆ ಅಡ್ಡಿಯಿಲ್ಲ, ಅಗತ್ಯವಾದಾಗ ಎಳೆದು ತೆಗೆಯಬಹುದು. ಕೆಲವು ಕಂಪನಿಗಳು ಅದೇ ಮಾದರಿಗೆ ಎರಡನೆಯ ಕವರನ್ನೂ ಮಾರುತ್ತವೆ, ಕೊಳ್ಳುವಾಗಲೇ ಕೇಳಿಕೊಳ್ಳಿರಿ.

ತೀರ್ಥಹಳ್ಳಿಯ ಅಜ್ಜಿ

ಘಾಟಿ ಹತ್ತುವ ಮೊದಲು ಮಗುವಿಗೆ ಹಾಲು ಕುಡಿಸಬೇಡ ಮಗಳೇ. ಉಜಿರೆಯಲ್ಲಿ ಒಂದಿಷ್ಟು ಒಣ ಅವಲಕ್ಕಿ ಬಾಯಾಡಿಸಿ, ಕಿಟಕಿಯ ಗಾಳಿ ಬಿಡು. ಹಾಲು ಕೊಟ್ಟಿಗೆಹಾರದಲ್ಲಿ ಕೊಟ್ಟರಾಯಿತು.